ಶರಾವತಿಯ ಹರಿವು ಮತ್ತು ದಿಗ್ವ್ರತದ ಮೇರೆ

ಶ್ರಾವಕನಿಗೆ ವಿಧಿಸಿದ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವು ಮೊದಲನೆಯ ಗುಣವ್ರತ. ಹತ್ತು ದಿಕ್ಕುಗಳಲ್ಲಿಯೂ ಇಷ್ಟು ದೂರದವರೆಗೆ ಮಾತ್ರ ತನ್ನ ವ್ಯವಹಾರ, ಅದರಾಚೆಗೆ ಹೋಗುವುದಿಲ್ಲವೆಂದು ಬದುಕಿರುವವರೆಗೆ ಕಟ್ಟು ಹಾಕಿಕೊಳ್ಳುವುದು ಇದರ ಸ್ವರೂಪ. ಆ ಮೇರೆಯನ್ನು ಯಾವುದರಿಂದ ಗುರುತಿಸಬೇಕೆಂಬುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಸಮುದ್ರ, ನದಿ, ಅಡವಿ, ಪರ್ವತ, ಜನಪದ ಮತ್ತು ಯೋಜನ ಎಂಬ ಆರು ಗುರುತುಗಳನ್ನು ಅವರು ಹೆಸರಿಸುತ್ತಾರೆ. ಇವು ಎಲ್ಲರಿಗೂ ಪರಿಚಿತವಾದವು. ಗುಟ್ಟಾಗಿ ಸರಿಸಲು ಬಾರದಂಥವು. ತನ್ನ ಮೇರೆ ಇಂಥ ಹೊಳೆಯವರೆಗೆ ಎಂದು ಹತ್ತು ಜನರ ಮುಂದೆ ಹೇಳಿದವನಿಗೆ ನಾಳೆ ಆ ಹೊಳೆಯನ್ನು ಆಚೆಗೆ ತಳ್ಳಲು ಸಾಧ್ಯವಿಲ್ಲ.

ಕರ್ನಾಟಕದ ಮಲೆನಾಡಿನಲ್ಲಿ ಹುಟ್ಟಿ ಪಡುಗಡಲನ್ನು ಸೇರುವ ಶರಾವತಿ ನದಿಯ ಪಾತ್ರದಲ್ಲಿ ಈ ಗುರುತುಗಳೆಲ್ಲವೂ ಕೇವಲ 128 ಕಿಲೋಮೀಟರುಗಳ ಒಳಗೆ ಕೂಡಿಬಂದಿವೆ. ಬೆಟ್ಟವಿದೆ, ದಟ್ಟವಾದ ಅಡವಿಯಿದೆ, ಘಟ್ಟದ ಮೇಲೊಂದು ಜನಪದವೂ ಘಟ್ಟದ ಕೆಳಗೆ ಇನ್ನೊಂದು ಜನಪದವೂ ಇವೆ, ಕೊನೆಯಲ್ಲಿ ಕಡಲಿದೆ. ಇದೇ ನದಿಯ ದಂಡೆಯ ಮೇಲೆ ಜಿನಭಕ್ತರಾದ ಅರಸರ ರಾಜಧಾನಿಯೊಂದು ಬೆಳೆದು ಮೆರೆದು ಅಳಿಯಿತು. ನಮ್ಮ ಕಾಲದಲ್ಲಿ ಇದೇ ನದಿ ನಾಡಿಗೆ ಬೆಳಕನ್ನು ಕೊಟ್ಟಿತು. ಆದುದರಿಂದ ಶರಾವತಿಯ ಭೂಗೋಳವನ್ನೂ ಚರಿತ್ರೆಯನ್ನೂ ಜೊತೆಯಾಗಿ ನೋಡುವುದು ಶ್ರಾವಕ ಕುಟುಂಬಗಳಿಗೆ ಉಪಯುಕ್ತವಾಗಬಹುದು.

ಉಗಮ ಮತ್ತು ಮೇಲಣ ಪಾತ್ರ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥವು ಶರಾವತಿಯ ಉಗಮಸ್ಥಾನ. ಶ್ರೀರಾಮನ ಶರದಿಂದ ನೀರು ಚಿಮ್ಮಿತೆಂದೂ, ಶರದಿಂದ ಹುಟ್ಟಿದವಳಾದುದರಿಂದ ಶರಾವತಿಯೆಂಬ ಹೆಸರು ಬಂದಿತೆಂದೂ ಸ್ಥಳಪುರಾಣ ಹೇಳುತ್ತದೆ. ಅಲ್ಲಿಂದ ಹೊಳೆಯು ವಾಯವ್ಯಾಭಿಮುಖವಾಗಿ ಹೊಸನಗರ ಮತ್ತು ಸಾಗರ ತಾಲ್ಲೂಕುಗಳನ್ನು ಹಾಯ್ದು ಬರುತ್ತದೆ. ನಂದಿಹೊಳೆ, ಹರಿದ್ರಾವತಿ, ಮಾವಿನಹೊಳೆ, ಹಿಲ್ಕುಂಜಿ, ಎಣ್ಣೆಹೊಳೆ, ಹುರ್ಲಿಹೊಳೆ, ನಾಗೋಡಿಹೊಳೆ ಮೊದಲಾದವು ಇದರ ಮುಖ್ಯ ಉಪನದಿಗಳು.

ಈ ಪ್ರದೇಶದಲ್ಲಿ ನೀರು ಯಾವ ಕಡೆಗೆ ಹರಿಯಬೇಕೆಂಬುದು ಒಂದೆರಡು ಗುಡ್ಡಗಳ ಅಂತರದಿಂದ ನಿರ್ಣಯವಾಗುತ್ತದೆ. ಜೈನರ ಪ್ರಾಚೀನ ಕ್ಷೇತ್ರವಾದ ಹೊಂಬುಜವು ಇದೇ ಹೊಸನಗರ ತಾಲ್ಲೂಕಿನಲ್ಲಿದೆ. ಅದರ ಬಳಿಯ ಬಿಲ್ಲೇಶ್ವರ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿಯು ಬಯಲುಸೀಮೆಯತ್ತ ಹರಿದು ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅಂಬುತೀರ್ಥದ ನೀರಾದರೋ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ಮೋಡದ ಮಳೆ ಹೀಗೆ ಎರಡು ಕಡಲುಗಳ ಪಾಲಾಗುತ್ತದೆ.

ಶರಾವತಿಗೆ ಹಿಮದ ಆಸರೆಯಿಲ್ಲ. ಇದರ ಬದುಕೆಲ್ಲ ಮುಂಗಾರು ಮಳೆಯನ್ನು ಅವಲಂಬಿಸಿದೆ. ಜಲಾನಯನದ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ತಾಣಗಳಿವೆ. ಪೂರ್ವಕ್ಕೆ ಸಾಗಿದಂತೆ ಮಳೆಯು ಅದರ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ನೀರನ್ನು ಹೀರಿ ಹಿಡಿದು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುವ ಕೆಲಸವನ್ನು ಅಡವಿಯು ಮಾಡುತ್ತದೆ. ಎಲೆ ಕೊಳೆತು ಮೆತ್ತಗಾದ ಮಣ್ಣು, ಬೇರುಗಳ ಜಾಲ, ತಗ್ಗಿನ ಜೌಗು ಇವೆಲ್ಲ ಸೇರಿ ನೀರಿನ ಕಣಜವಾಗುತ್ತವೆ. ಕಾಡು ಕಡಿದ ಗುಡ್ಡದ ತೊರೆಯು ಮಳೆಗಾಲ ಮುಗಿದ ಕೆಲವೇ ತಿಂಗಳಲ್ಲಿ ಬತ್ತುವುದನ್ನೂ, ಕಾಡಿರುವ ಗುಡ್ಡದ ತೊರೆಯು ವರ್ಷವಿಡೀ ಹರಿಯುವುದನ್ನೂ ಮಲೆನಾಡಿನ ಬೇಸಾಯಗಾರರು ತಲೆಮಾರುಗಳಿಂದ ಬಲ್ಲರು. ಬೆಟ್ಟವು ನದಿಯನ್ನು ಹೆರುತ್ತದೆ. ಅಡವಿಯು ಅದನ್ನು ಸಾಕುತ್ತದೆ.

ಜೋಗದಿಂದ ಕಡಲಿಗೆ

ಸಾಗರ ತಾಲ್ಲೂಕನ್ನು ದಾಟುವಾಗ ನದಿಯು ಘಟ್ಟದ ಅಂಚಿಗೆ ಬರುತ್ತದೆ. ಅಲ್ಲಿ ನೆಲವು ಒಮ್ಮೆಗೇ ಕುಸಿದಿದೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಶರಾವತಿಯು 253 ಮೀಟರ್ ಆಳಕ್ಕೆ ಧುಮುಕುವ ಈ ಸ್ಥಳವೇ ಲೋಕಪ್ರಸಿದ್ಧವಾದ ಜೋಗ. ಹಿಂದಿನ ಇಂಗ್ಲಿಷ್ ಬರಹಗಳಲ್ಲಿ ಇದಕ್ಕೆ ಗೇರುಸೊಪ್ಪೆ ಜಲಪಾತವೆಂಬ ಹೆಸರಿತ್ತು. ಕೆಳಗಿನ ಗೇರುಸೊಪ್ಪೆಯ ಖ್ಯಾತಿಯು ಎಷ್ಟಿತ್ತೆಂಬುದಕ್ಕೆ ಈ ಹೆಸರೇ ಒಂದು ಸಾಕ್ಷಿ.

ಜೋಗದ ಕೆಳಗೆ ಹೊಳೆಯು ಕಡಿದಾದ ಕಣಿವೆಯಲ್ಲಿ ನಿತ್ಯಹರಿದ್ವರ್ಣದ ಕಾಡುಗಳ ನಡುವೆ ಸಾಗುತ್ತದೆ. ಲೋಕದಲ್ಲಿ ಪಶ್ಚಿಮಘಟ್ಟವೊಂದನ್ನು ಬಿಟ್ಟರೆ ಬೇರೆಲ್ಲಿಯೂ ಸಹಜವಾಗಿ ಕಾಣಸಿಗದ ಸಿಂಗಳೀಕಗಳ ನೆಲೆ ಇದು. ಇವುಗಳ ರಕ್ಷಣೆಗಾಗಿ 2019ರಲ್ಲಿ ಇಲ್ಲಿಯ ಅಭಯಾರಣ್ಯವನ್ನು ವಿಸ್ತರಿಸಿ ಸಿಂಗಳೀಕದ ಹೆಸರಿನಿಂದಲೇ ಕರೆಯಲಾಯಿತು. ಕಣಿವೆ ಅಗಲವಾಗುವ ಕಡೆ ಗೇರುಸೊಪ್ಪೆಯಿದೆ. ಅಲ್ಲಿಂದ ಹೊನ್ನಾವರದವರೆಗೆ ಹೊಳೆಯು ಶಾಂತವಾಗಿ ಹರಿಯುವುದರಿಂದ ದೋಣಿಗಳ ಓಡಾಟಕ್ಕೆ ಅನುಕೂಲ. ಹೊನ್ನಾವರದ ಅಳಿವೆಯಲ್ಲಿ ಅದು ಎಷ್ಟು ಹರವಾಗುತ್ತದೆಯೆಂದರೆ ಕೊಂಕಣ ರೈಲುಮಾರ್ಗದ ಸೇತುವೆಯು ಇಲ್ಲಿ ಎರಡು ಕಿಲೋಮೀಟರಿಗಿಂತಲೂ ಉದ್ದವಾಗಿದೆ.

ಕಾಳುಮೆಣಸಿನ ರಾಜ್ಯ

ಘಟ್ಟದ ಹಾದಿಯು ಮುಗಿದು ದೋಣಿಯ ಹಾದಿಯು ತೊಡಗುವ ಜಾಗದಲ್ಲಿ ಪಟ್ಟಣ ಬೆಳೆಯುವುದು ಸಹಜ. ಗೇರುಸೊಪ್ಪೆಯ ಭಾಗ್ಯಕ್ಕೆ ಮೂಲಕಾರಣ ಇದೇ. ಮೇಲಿನ ತೋಟಗಳಲ್ಲಿ ಮರಗಳಿಗೆ ಹಬ್ಬಿದ ಬಳ್ಳಿಗಳಿಂದ ಕೊಯ್ದ ಕಾಳುಮೆಣಸು ತಲೆಹೊರೆಯಲ್ಲಿಯೂ ಎತ್ತುಗಳ ಬೆನ್ನ ಮೇಲೂ ಘಟ್ಟವಿಳಿದು ಇಲ್ಲಿಗೆ ಬರುತ್ತಿತ್ತು; ಇಲ್ಲಿಂದ ದೋಣಿಯೇರಿ ಹೊನ್ನಾವರಕ್ಕೆ, ಅಲ್ಲಿಂದ ಹಡಗಿನಲ್ಲಿ ದೂರದ ದೇಶಗಳಿಗೆ ಹೋಗುತ್ತಿತ್ತು. ನಗಿರೆ ರಾಜ್ಯದ ರಾಜಧಾನಿಯಾದ ಈ ಪಟ್ಟಣಕ್ಕೆ ಕ್ಷೇಮಪುರ, ಭಲ್ಲಾತಕೀಪುರ ಎಂಬ ಸಂಸ್ಕೃತ ಹೆಸರುಗಳೂ ಇದ್ದವು. ವಿಜಯನಗರದ ಅಧೀನದಲ್ಲಿ ಆಳಿದ ಇಲ್ಲಿಯ ಸಾಳುವ ಅರಸರು ಜೈನಧರ್ಮಾವಲಂಬಿಗಳು. ಹೊಂಬುಜದ ಪದ್ಮಾವತಿ ಬಸದಿಯ ಶಾಸನವು ವಾದಿ ವಿದ್ಯಾನಂದರ ಕೀರ್ತಿಯನ್ನು ಹೇಳುವಾಗ ಗೇರುಸೊಪ್ಪೆಯನ್ನೂ ಉಲ್ಲೇಖಿಸುತ್ತದೆ. ಮೆಣಸಿನ ಹಾದಿಯಲ್ಲಿ ಶಾಸ್ತ್ರವೂ ಸಂಚರಿಸುತ್ತಿತ್ತೆಂಬುದು ಇದರಿಂದ ತಿಳಿಯುತ್ತದೆ.

ಈ ಮನೆತನದ ಕೊನೆಯ ಪ್ರಸಿದ್ಧ ಆಡಳಿತಗಾರಳು ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅಂದರೆ 54 ವರ್ಷಗಳಷ್ಟು ದೀರ್ಘಕಾಲ ಆಕೆಯ ಆಳ್ವಿಕೆಯೆಂದು ಸಾಮಾನ್ಯವಾಗಿ ಗಣಿಸಲಾಗಿದೆ. ನಗಿರೆಯ ಜೊತೆಗೆ ಹಾಡುವಳ್ಳಿ, ಭಟ್ಕಳಗಳ ಸೀಮೆಯೂ ಆಕೆಯ ಕೈಯಲ್ಲಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರು. ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕನು ಸಂಗೀತಪುರವೆಂದು ಹೆಸರಾಗಿದ್ದ ಹಾಡುವಳ್ಳಿಯೊಂದಿಗೆ ಸಂಬಂಧವುಳ್ಳವನು. ಅವನ ಕರ್ಣಾಟಕ ಶಬ್ದಾನುಶಾಸನವು ಪೂರ್ಣಗೊಂಡುದು 1604ರಲ್ಲಿ, ರಾಣಿಯ ಆಳ್ವಿಕೆಯ ಕೊನೆಗಾಲದಲ್ಲಿ. ಗೋವೆಯಲ್ಲಿ ಪೋರ್ಚುಗೀಸರ ಹಿಂಸೆಯನ್ನು ತಾಳಲಾರದೆ ಬಂದವರಿಗೆ ಆಕೆ ಆಶ್ರಯವಿತ್ತಳೆಂದೂ, ಬಸದಿಗಳಂತೆಯೇ ಶೈವ ವೈಷ್ಣವ ದೇಗುಲಗಳನ್ನೂ ಪೋಷಿಸಿದಳೆಂದೂ ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ.

ಆದರೆ ಸಂಪತ್ತು ಎರಡು ಕಡೆಗಳಿಂದ ಕಣ್ಣುಗಳನ್ನು ಸೆಳೆಯಿತು. ಕಡಲಿನ ಕಡೆಯಿಂದ ಬಂದ ಪೋರ್ಚುಗೀಸರು ಮೆಣಸನ್ನು ಕೊಂಡು ತೃಪ್ತರಾಗದೆ ಮೆಣಸಿನ ಹಾದಿಯನ್ನೇ ತಮ್ಮದಾಗಿಸಿಕೊಳ್ಳಬಯಸಿ 1569ರಲ್ಲಿ ಹೊನ್ನಾವರವನ್ನು ಹಿಡಿದರು. ಘಟ್ಟದ ಮೇಲಿಂದ ಕೆಳದಿಯ ಅರಸರ ಶಕ್ತಿ ಬೆಳೆದು ಬಂತು. ಅವರಿಗೂ ಕಡಲಿನ ದಾರಿ ಬೇಕಾಗಿತ್ತು. ವೆಂಕಟಪ್ಪನಾಯಕನ ಕಾಲದಲ್ಲಿ ಗೇರುಸೊಪ್ಪೆ ಕೆಳದಿಯ ವಶವಾಯಿತು. ರಾಣಿಯು ಸೆರೆಯಲ್ಲಿಯೇ ಕೊನೆಯುಸಿರೆಳೆದಳೆಂಬುದು ಪ್ರತೀತಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಎಂಬಾತನು ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಕೆಳದಿ ಅರಸನನ್ನು ಕಾಣಲು ಇಕ್ಕೇರಿಗೆ ಹೊರಟಾಗ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ಆ ನದೀಯಾನದ ಸೊಗಸನ್ನು ಅವನು ಮನಸಾರೆ ಮೆಚ್ಚಿ ಬರೆದಿದ್ದಾನೆ. ಅದರ ಬೆನ್ನಿಗೇ ಒಂದು ಕಾಲದ ರಾಣಿಯ ರಾಜಧಾನಿಯು ಹಾಳುಬಿದ್ದು, ಅರಮನೆಯ ಜಾಗದಲ್ಲಿ ಮರಗಳು ಬೆಳೆದುದನ್ನೂ ದಾಖಲಿಸಿದ್ದಾನೆ. 1606ರಿಂದ 1623ಕ್ಕೆ ಹದಿನೇಳೇ ವರ್ಷ. ಅಷ್ಟರೊಳಗೆ ಅಡವಿಯು ತನ್ನ ನೆಲವನ್ನು ಹಿಂದಕ್ಕೆ ಪಡೆದುಕೊಂಡಿತ್ತು.

ಆ ವೈಭವದಲ್ಲಿ ಉಳಿದುದು ನಗರಬಸ್ತಿಕೇರಿಯ ಚತುರ್ಮುಖ ಬಸದಿ, ಜ್ವಾಲಾಮಾಲಿನಿ ದೇವಿಯ ಸನ್ನಿಧಿ ಹಾಗೂ ಇನ್ನು ಕೆಲವು ಬಸದಿಗಳು. ಹದಿನಾರನೆಯ ಶತಮಾನದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕುಗಳಿಗೆ ನಾಲ್ಕು ಬಾಗಿಲು. ಗರ್ಭಗೃಹದಲ್ಲಿ ನಾಲ್ಕು ದಿಕ್ಕಿಗೂ ಮುಖಮಾಡಿದ ಜಿನಬಿಂಬಗಳು. ದಿಕ್ಕುಗಳನ್ನು ಗೆಲ್ಲಹೊರಟವರ ಕೋಟೆಗಳು ಬಿದ್ದುಹೋಗಿವೆ. ದಿಕ್ಕುಗಳ ಮೇಲಿನ ಆಸೆಯನ್ನು ಬಿಟ್ಟವರ ಬಿಂಬಗಳು ಆ ಕಾಡಿನಲ್ಲಿ ನಾಲ್ಕು ದಿಕ್ಕನ್ನೂ ಸಮಭಾವದಿಂದ ನೋಡುತ್ತಿವೆ.

ಜಲಾಶಯಗಳ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಶರಾವತಿಯ ಸಂಪತ್ತು ಮೆಣಸಿನಿಂದ ವಿದ್ಯುತ್ತಿಗೆ ತಿರುಗಿತು. ಜೋಗದ ಮೇಲ್ಗಡೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1940ರ ದಶಕದ ಕೊನೆಗೆ 120 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವು ಕೆಲಸ ಆರಂಭಿಸಿತು. ಇದೇ ಮುಂದೆ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. ಬೆಳೆಯುತ್ತಿದ್ದ ರಾಜ್ಯಕ್ಕೆ ಅದು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಸುಮಾರು 151 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದಲ್ಲಿ ಹಳೆಯ ಮಡೆನೂರು ಅಣೆಕಟ್ಟೆಯೂ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ನೀರಿಳಿದಾಗ ಅದು ಮತ್ತೆ ತಲೆಯೆತ್ತುವುದುಂಟು. ಲಿಂಗನಮಕ್ಕಿಯ ನೀರು ಕಾಲುವೆಯ ಮೂಲಕ ತಲಕಳಲೆಯ ಜಲಾಶಯಕ್ಕೆ ಬಂದು, ಅಲ್ಲಿಂದ ಕೊಳವೆಗಳಲ್ಲಿ ಕಣಿವೆಗಿಳಿದು, ಹತ್ತು ಯಂತ್ರಗಳ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಅದರ ಇಂದಿನ ಸಾಮರ್ಥ್ಯ 1,035 ಮೆಗಾವ್ಯಾಟ್. ಅದೇ ನೀರು ಇನ್ನೂ ಕೆಳಗೆ ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ ತಡೆದು ನಿಂತು ಮತ್ತೆ 240 ಮೆಗಾವ್ಯಾಟ್ ವಿದ್ಯುತ್ತನ್ನು ಕೊಡಬಲ್ಲುದು.

ಇದರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಕರ್ನಾಟಕದ ಕಾರ್ಖಾನೆಗಳು, ನೀರೆತ್ತುವ ಪಂಪುಗಳು, ಆಸ್ಪತ್ರೆಗಳು, ಮಕ್ಕಳು ಓದುವ ದೀಪಗಳು ದೀರ್ಘಕಾಲ ಈ ನದಿಯ ಬಲದಿಂದಲೇ ನಡೆದವು. ಬಸದಿಗಳಲ್ಲಿ ಉರಿಯುವ ವಿದ್ಯುದ್ದೀಪಗಳೂ ಇದಕ್ಕೆ ಹೊರತಲ್ಲ.

ಆದರೆ ಈ ಬೆಳಕಿನ ಬೆಲೆಯನ್ನು ತೆತ್ತವರು ಬೇರೆಯವರು. ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು, ಅಡಿಕೆ ತೋಟಗಳು, ಭತ್ತದ ಗದ್ದೆಗಳು, ಪೂಜಾಸ್ಥಾನಗಳು ನೀರಿನಡಿಯಾದವು. ಮನೆ ಬಿಟ್ಟ ಕುಟುಂಬಗಳಿಗೆ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಅರಣ್ಯಭೂಮಿಯಲ್ಲಿ ನೆಲೆ ತೋರಿಸಲಾಯಿತು. ಆದರೆ ಆ ನೆಲದ ಹಕ್ಕುಪತ್ರವು ಅನೇಕರ ಕೈಸೇರಲಿಲ್ಲ. ಅರಣ್ಯದಿಂದ ಆ ಭೂಮಿಯನ್ನು ಕೈಬಿಟ್ಟು ಹೊರಡಿಸಿದ್ದ ಆದೇಶಗಳು ಕೇಂದ್ರದ ಒಪ್ಪಿಗೆ ಪಡೆಯದ ಕಾರಣದಿಂದ 2021ರಲ್ಲಿ ರದ್ದಾದವು. ಅಣೆಕಟ್ಟು ಕಟ್ಟಿದಾಗ ಕೈಮಗುವಾಗಿದ್ದವರು ಮೊಮ್ಮಕ್ಕಳನ್ನು ಕಂಡ ಮೇಲೂ ಈ ಪ್ರಶ್ನೆ ಇತ್ಯರ್ಥವಾಗಲಿಲ್ಲ. ಹಿನ್ನೀರಿನಿಂದ ಸುತ್ತುವರಿಯಲ್ಪಟ್ಟ ತುಮರಿ ಸೀಮೆಯ ಜನರಂತೂ ಆಸ್ಪತ್ರೆಗೂ ಪೇಟೆಗೂ ಲಾಂಚನ್ನೇ ಕಾಯಬೇಕಾಯಿತು. ಅವರಿಗಾಗಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆಯು ತೆರೆದುದು 2025ರ ಜುಲೈಯಲ್ಲಿ, ಅಂದರೆ ನೀರು ನಿಂತ ಆರು ದಶಕಗಳ ತರುವಾಯ. ಈ ನೋವನ್ನು ಕನ್ನಡಿಗರ ಮುಂದಿಟ್ಟವರಲ್ಲಿ ನಾ. ಡಿಸೋಜ ಅವರು ಮುಖ್ಯರು. ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಈ ಕಣಿವೆಯ ಬದುಕಿನಿಂದಲೇ ಹುಟ್ಟಿದವು.

ಅಳಿವೆಯ ಸಣ್ಣ ಜೀವಗಳು

ಮನುಷ್ಯರ ನಷ್ಟಕ್ಕೆ ಅರ್ಜಿಯಾದರೂ ಉಂಟು. ಅರ್ಜಿ ಬರೆಯಲಾರದ ಜೀವಗಳ ನಷ್ಟವು ಹೊನ್ನಾವರದ ಅಳಿವೆಯಲ್ಲಿ ಕಾಣುತ್ತದೆ. ಅಳಿವೆಯೆಂದರೆ ಸಿಹಿನೀರು ಉಪ್ಪುನೀರುಗಳು ಕೂಡುವ ಜಾಗ. ಮಳೆಗಾಲದಲ್ಲಿ ಸಿಹಿನೀರಿನದೇ ಬಲ. ಬೇಸಿಗೆಯಲ್ಲಿ ಭರತದ ಜೊತೆ ಉಪ್ಪು ಒಳಗೇರಿ ಬರುತ್ತದೆ. ಋತುವಿಗೆ ತಕ್ಕ ಈ ಏರಿಳಿತಕ್ಕೆ ಹೊಂದಿಕೊಂಡು ಚಿಪ್ಪುಜೀವಿಗಳು, ಮೀನುಗಳು, ಕಾಂಡ್ಲಾ ಗಿಡಗಳು ಬದುಕುತ್ತವೆ. ವಿದ್ಯುದಾಗಾರಗಳಿಂದ ವರ್ಷವಿಡೀ ಹೊರಬರುವ ಸಿಹಿನೀರು ಈ ಕ್ರಮವನ್ನು ತಪ್ಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಶರಾವತಿಯ ಅಳಿವೆಯನ್ನು ಅಣೆಕಟ್ಟುಗಳಿಲ್ಲದ ನೆರೆಯ ಅಘನಾಶಿನಿಯ ಅಳಿವೆಯೊಡನೆ ಹೋಲಿಸಿ ನೋಡಿ, ಶರಾವತಿಯಲ್ಲಿ ಉಪ್ಪಿನಂಶ ಇಳಿದುದರಿಂದ ಚಿಪ್ಪುಜೀವಿಗಳ ಬಗೆಗಳು ಕುಗ್ಗಿರುವುದನ್ನು ತೋರಿಸಿದ್ದಾರೆ.

ಇಲ್ಲಿ ಯಾರೂ ಆಯುಧ ಎತ್ತಲಿಲ್ಲ. ಕೊಲ್ಲಬೇಕೆಂಬ ಭಾವವೂ ಯಾರಿಗೂ ಇರಲಿಲ್ಲ. ಆದರೂ ಎಣಿಕೆಗೆ ಸಿಗದಷ್ಟು ಜೀವಗಳು ಅಳಿದವು. ಎಚ್ಚರತಪ್ಪಿದ ನಡತೆಯನ್ನು ಜೈನಶಾಸ್ತ್ರವು ಪ್ರಮಾದವೆಂದು ಕರೆದು ಹಿಂಸೆಯ ಮೂಲದಲ್ಲಿಯೇ ಇರಿಸಿರುವುದು ಈ ಕಾರಣಕ್ಕಾಗಿ. ಅರ್ಥವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇವನ್ನು ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂದು ಹೆಸರಿಸಿ, ಅನರ್ಥದಂಡವ್ರತದಲ್ಲಿ ನಿಷೇಧಿಸಿದ್ದಾರೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಪದ್ಧತಿ ಜೈನ ಮನೆಗಳಲ್ಲಿ ಎಲ್ಲರಿಗೂ ತಿಳಿದುದೇ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸಿಕ್ಕಸಿಕ್ಕಲ್ಲಿ ಕೊಡವದೆ, ನೀರನ್ನು ಯಾವ ಬಾವಿಯಿಂದ ಅಥವಾ ಹೊಳೆಯಿಂದ ತಂದರೋ ಅಲ್ಲಿಗೇ ಮರಳಿ ಬಿಡಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಒಂದು ಕೊಡ ನೀರಿಗೆ ಇಷ್ಟು ಎಚ್ಚರ ಸಲ್ಲುವುದಾದರೆ, ಒಂದು ನದಿಯನ್ನೇ ತಿರುಗಿಸುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇರೆಯನ್ನು ಮರೆಯುವ ದೋಷ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೇಲ್ಮುಖವಾಗಿ ಮೇರೆ ಮೀರುವುದು, ಕೆಳಮುಖವಾಗಿ ಮೀರುವುದು, ಅಡ್ಡದಿಕ್ಕುಗಳಲ್ಲಿ ಮೀರುವುದು, ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು ಎಂಬ ನಾಲ್ಕರ ಬಳಿಕ ಐದನೆಯದು ಸ್ಮೃತ್ಯಂತರಾಧಾನ, ಅಂದರೆ ತಾನು ಹಾಕಿಕೊಂಡ ಮೇರೆ ಯಾವುದೆಂಬುದನ್ನೇ ಮರೆತುಬಿಡುವುದು. ಮರೆವನ್ನೂ ದೋಷಗಳ ಪಟ್ಟಿಯಲ್ಲಿ ಸೇರಿಸಿದ ಆಚಾರ್ಯರ ದೃಷ್ಟಿ ಬಹು ಸೂಕ್ಷ್ಮವಾದುದು. ಗೊತ್ತಿದ್ದೂ ಮೇರೆ ದಾಟಿದವನು ನಾಚಿ ಹಿಂದಿರುಗಬಹುದು. ಮರೆತವನಿಗೆ ಹಿಂದಿರುಗಬೇಕೆಂಬ ಅರಿವೇ ಹುಟ್ಟುವುದಿಲ್ಲ.

ದಿಗ್ವ್ರತವು ವ್ಯಕ್ತಿಯು ಸ್ವೀಕರಿಸುವ ವ್ರತ. ಅದನ್ನು ಸರ್ಕಾರದ ಮೇಲೆ ಹೇರಲಾಗದು. ಆದರೂ ಶರಾವತಿಯ ಚರಿತ್ರೆಯಲ್ಲಿ ಈ ಐದನೆಯ ದೋಷವು ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಗಮನಿಸದಿರಲಾಗದು. 120 ಮೆಗಾವ್ಯಾಟ್ ಸಾಕೆನಿಸಿದ ದಿನವಿತ್ತು; ಅದು ಮರೆಯಿತು. ಮುಳುಗಡೆಯ ಕುಟುಂಬಗಳಿಗೆ ಕೊಟ್ಟ ಮಾತಿತ್ತು; ಅದೂ ಮರೆಯಿತು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪವು ಬಂದಾಗ ಮಲೆನಾಡಿನಲ್ಲಿ ದೊಡ್ಡ ವಿರೋಧವೆದ್ದಿತು. ಇತ್ತೀಚಿನ ವರ್ಷಗಳಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಮತ್ತೆ ಕೆಳಗಿಳಿಸಿ 2,000 ಮೆಗಾವ್ಯಾಟ್ ಪಡೆಯುವ ಯೋಜನೆಯ ವಿಚಾರದಲ್ಲಿ ಪರವಿರೋಧದ ವಾದಗಳು ನಡೆದಿವೆ. ಸಂಜೆಯ ಹೊತ್ತಿನ ವಿದ್ಯುತ್ ಬೇಡಿಕೆಗೆ ಅದು ಅಗತ್ಯವೆಂದು ಒಂದು ಪಕ್ಷ ಹೇಳುತ್ತದೆ. ಸಿಂಗಳೀಕಗಳ ಕಾಡಿಗೆ ಅದು ಕುತ್ತೆಂದು ಇನ್ನೊಂದು ಪಕ್ಷ ಹೇಳುತ್ತದೆ. ಇಂಥ ವಾದದಲ್ಲಿ ಲಾಭನಷ್ಟಗಳ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ನದಿಯಿಂದ ಪಡೆಯುವುದಕ್ಕೆ ಎಲ್ಲಿಯವರೆಗೆ ಮೇರೆ? ಆ ಮೇರೆಯನ್ನು ಮೊದಲೇ ಹೇಳಿ, ಹೇಳಿದುದನ್ನು ಎಲ್ಲರೂ ನೆನಪಿಡುವಂತೆ ಮಾಡಿದರೆ ಉಳಿದ ಲೆಕ್ಕಕ್ಕೆ ಅರ್ಥ ಬರುತ್ತದೆ.

ಬೇಡಿಕೆಯೆಂಬುದು ಎಲ್ಲಿಯೋ ದೂರದಲ್ಲಿ ಹುಟ್ಟುವ ವಸ್ತುವಲ್ಲ. ಅದು ಮನೆಮನೆಯ ಸ್ವಿಚ್ಚಿನಲ್ಲಿಯೂ ನಲ್ಲಿಯಲ್ಲಿಯೂ ಇದೆ. ಹಬ್ಬದ ರಾತ್ರಿ ಮುಗಿದ ಮೇಲೂ ಉರಿಯುವ ಅಲಂಕಾರದ ದೀಪಗಳಲ್ಲಿ, ತುಂಬಿ ಹರಿಯುವ ತೊಟ್ಟಿಗಳಲ್ಲಿ ಶರಾವತಿಯ ಪಾಲಿದೆ. ಬಸದಿಗಳ ಆಡಳಿತ ಮಂಡಳಿಗಳು ಅಭಿಷೇಕದ ನೀರಿನ ಬಳಕೆಯಲ್ಲಿಯೂ ದೀಪಾಲಂಕಾರದಲ್ಲಿಯೂ ಒಂದು ಪರಿಮಾಣವನ್ನು ಗೊತ್ತುಮಾಡಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಿದರೆ ಅದು ಸಣ್ಣ ಕೆಲಸವಾದರೂ ವ್ರತಕ್ಕೆ ಒಪ್ಪುವ ಕೆಲಸ. ಹಾಗೆಯೇ ಗೇರುಸೊಪ್ಪೆಯ ಯಾತ್ರೆಗೆ ಹೋಗುವ ಕುಟುಂಬಗಳು ಬಸದಿಯ ದರ್ಶನದೊಂದಿಗೆ ನದಿಯ ಕಥೆಯನ್ನೂ ಮಕ್ಕಳಿಗೆ ಹೇಳಬೇಕು. ಅಂಬುತೀರ್ಥದ ತೊರೆ, ಮುಳುಗಿದ ಊರುಗಳು, ಮೆಣಸಿನ ರಾಣಿ, ಅಳಿವೆಯ ಚಿಪ್ಪುಜೀವಿಗಳು ಎಲ್ಲವೂ ಒಂದೇ ನೀರಿನ ನೆನಪುಗಳೆಂದು ಅವರಿಗೆ ತಿಳಿಯಬೇಕು. ಸ್ಮೃತಿಯನ್ನು ಉಳಿಸಿಕೊಳ್ಳುವುದೇ ಈ ವ್ರತದ ಕೊನೆಯ ಅತಿಚಾರಕ್ಕೆ ಪರಿಹಾರ.